ಹಿತ್ತಲಲ್ಲಿ ಹೊರಗಿನ ಅಡುಗೆಮನೆ, ನಾವೇ ಕಟ್ಟಿಕೊಳ್ಳುವ ಯೋಚನೆ: ಸಲಹೆ ಬೇಕು (ಮೈಸೂರು)

ಬೋಗಾದಿ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮದು ಬೋಗಾದಿ ಕಡೆ 40×60 ಸೈಟು. ಮನೆ ಹಿಂದೆ, ಅಡುಗೆಮನೆ ಬಾಗಿಲಿನಿಂದ ಕಾಂಪೌಂಡಿಗೆ 10 ಅಡಿ ಜಾಗ ಇದೆ. ಈಗ ಅಲ್ಲಿರುವುದು ಬಟ್ಟೆ ಒಣಹಾಕುವ ತಂತಿ, ಒಂದು ಕರಿಬೇವಿನ ಗಿಡ, ಎರಡು ಬುಡ ಬಾಳೆ, ಯಾರೂ ಮುಟ್ಟದ ಒರಳುಕಲ್ಲು. ಅಲ್ಲೊಂದು ಹೊರಗಿನ ಅಡುಗೆಮನೆ ಮಾಡೋಣ ಅಂತ ಮನೆಯಲ್ಲಿ ಮಾತಾಗಿದೆ. ಮಾತಾಗಿದೆ ಅಷ್ಟೇ, ಒಮ್ಮತ ಆಗಿಲ್ಲ.

ಅತ್ತೆ ಮಳವಳ್ಳಿ ಕಡೆಯವರು. ಅವರಿಗೆ ಸೌದೆ ಒಲೆ ಬೇಕು, ಗ್ಯಾಸಿನ ಮೇಲೆ ಮಾಡಿದ್ದು ಮುದ್ದೆಯೇ ಅಲ್ಲ ಅನ್ನುತ್ತಾರೆ. ಯಜಮಾನರು ಫೋನಿನಲ್ಲಿ ಫೋಟೋ ನೋಡಿ ನೋಡಿ ಬಾರ್ಬೆಕ್ಯೂ, ಸ್ಟೀಲ್ ಡ್ರಾಯರು, ಎತ್ತರದ ಸ್ಟೂಲು ಅಂತ ಲೆಕ್ಕ ಹಾಕುತ್ತಿದ್ದಾರೆ. ನನಗೆ ಕರಿಯುವುದು, ಮೀನು ಹುರಿಯುವುದು ಮನೆಯಿಂದ ಆಚೆ ಹೋದರೆ ಸಾಕು.

ಪೂರ್ತಿ ಕಂಟ್ರಾಕ್ಟ್ ಕೊಡುವುದಿಲ್ಲ. ಭಾನುವಾರಗಳಲ್ಲಿ ನಾವಿಬ್ಬರೇ ಮಾಡುತ್ತೇವೆ, ತೀರಾ ಬೇಕಾದ ಕಡೆ ಮಾತ್ರ ಗಾರೆಯವರನ್ನು ಕರೆಯುತ್ತೇವೆ. ಯುಗಾದಿ ಮಾರನೇ ದಿನ ಹೊಸತೊಡಕಿನ ಅಡುಗೆ ಅಲ್ಲೇ ಆಗಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಬೇಕು? ಕಟ್ಟೆಗೆ ಇಟ್ಟಿಗೆಯಾ, ಬ್ಲಾಕಾ? ಮೇಲೆ ಕಡಪ ಕಲ್ಲು ಸಾಕಾ? ಮಾಡು ಬೇಕೇ ಬೇಕಾ?

ಸುಡೋಣ ಬನ್ನಿ

ನನ್ನ ಓಟು ಯಜಮಾನರಿಗೆ. ಒಂದು ಮೂಲೆಯಲ್ಲಿ ಇದ್ದಿಲಿನ ಗ್ರಿಲ್ ಇರಲಿ ಅಕ್ಕ. ಮನೆಗೆ ನೆಂಟರು ಬಂದಾಗ ಗಂಡಸರು ಅಡುಗೆಗೆ ಕೈ ಹಾಕುವುದು ಅಲ್ಲಿ ಮಾತ್ರ.

ಗಾರೆ ಕರಣೆ, ಶ್ರೀರಂಗಪಟ್ಟಣ

ಅಕ್ಕ, ಬ್ಲಾಕು ಇಟ್ಟಿಗೆ ಆಮೇಲೆ. ಮೊದಲು ಒಂದು ಚೀಟಿ ತಗೊಳ್ಳಿ. ಹೋದ ವರ್ಷ ನಿಮ್ಮ ಮನೆಯಲ್ಲಿ ಯಾವ ಯಾವ ಅಡುಗೆ ಮಾಡುವಾಗ ‘ಇದನ್ನು ಹೊರಗೆ ಮಾಡಬೇಕಿತ್ತು’ ಅನ್ನಿಸಿತೋ ಅದನ್ನಷ್ಟೇ ಬರೆಯಿರಿ. ಚಕ್ಕುಲಿ ಕರಿದದ್ದು, ಮೀನು, ತಲೆ ಕಾಲು ಸುಟ್ಟದ್ದು, ಹಬ್ಬಕ್ಕೆ ದೊಡ್ಡ ಪಾತ್ರೆಯಲ್ಲಿ ಅನ್ನ ಬಸಿದದ್ದು, ಸಂಡಿಗೆ ಹಿಟ್ಟು ಕುದಿಸಿದ್ದು, ಹೀಗೆ. ಆ ಚೀಟಿಯೇ ನಿಮ್ಮ ಪ್ಲಾನು. ಫೋಟೋದಲ್ಲಿರುವ ಅಡುಗೆಮನೆಗಳು ನಮ್ಮ ಅಡುಗೆಗೆ ಹುಟ್ಟಿದವಲ್ಲ. ಅಲ್ಲಿ ಮಾಂಸ ಸುಡುವುದು ಬಿಟ್ಟು ಜಾಸ್ತಿ ಕೆಲಸ ಇರುವುದಿಲ್ಲ. ನಮ್ಮಲ್ಲಿ ಕುದಿಸಬೇಕು, ತೊಳಸಬೇಕು, ಬಸಿಯಬೇಕು, ರುಬ್ಬಬೇಕು, ಆಮೇಲೆ ರಾಶಿ ಪಾತ್ರೆ ತೊಳೆಯಬೇಕು.

ನನ್ನ ಕೆಲಸ ಗಾರೆ. ಇಂಥ ಕಟ್ಟೆಗಳನ್ನು ಮೈಸೂರಿನಲ್ಲೂ ಮಂಡ್ಯದಲ್ಲೂ ಕಟ್ಟಿದ್ದೇನೆ. ಕಟ್ಟಿಸಿಕೊಂಡ ಎರಡನೇ ವರ್ಷಕ್ಕೆ ಅದರ ಮೇಲೆ ಹಳೇ ಪೇಪರು, ಒಡೆದ ಬಕೆಟ್ಟು ಕೂತಿರುವುದನ್ನೂ ನೋಡಿದ್ದೇನೆ. ಹಾಗಾಗುವುದು ಎರಡೇ ಕಾರಣಕ್ಕೆ. ಒಂದು, ನೀರು ಇರುವುದಿಲ್ಲ. ಎರಡು, ಎತ್ತರ ಸರಿ ಇರುವುದಿಲ್ಲ.

ಎತ್ತರದ ವಿಷಯ ಹೇಳುತ್ತೇನೆ. ನಿಂತು ಹೆಚ್ಚುವ, ಗ್ಯಾಸ್ ಇಡುವ ಕಟ್ಟೆ ಒಂದು ಎತ್ತರ. ಮುದ್ದೆ ಮಾಡುವ ಒಲೆ ಬೇರೆಯೇ ಎತ್ತರ. ಇವೆರಡನ್ನೂ ಒಂದೇ ಸಾಲಿನಲ್ಲಿ ಒಂದೇ ಮಟ್ಟಕ್ಕೆ ತಂದರೆ ಅತ್ತೆ ಒಂದು ಸಲ ಮುದ್ದೆ ಮಾಡಿ, ಭುಜ ಹಿಡಿದುಕೊಂಡು, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಕೋಲು ಒತ್ತಿ ತೊಳಸಲು ಮೈ ಭಾರ ಮೇಲಿನಿಂದ ಬೀಳಬೇಕು. 30 ಇಂಚಿನ ಕಟ್ಟೆ, ಅದರ ಮೇಲೆ ಒಲೆ, ಅದರ ಮೇಲೆ ಒಂದಡಿ ಪಾತ್ರೆ ಅಂದರೆ ಕೈ ಎದೆಗಿಂತ ಮೇಲೆ ಹೋಯಿತು. ಬಲ ಎಲ್ಲಿಂದ ಬರಬೇಕು?

ಮದ್ದೂರು ಹಿಪ್ಪುನೇರಳೆ

ಕರಣೆ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮ ಮನೆಯಲ್ಲಿ ಒಲೆಯ ಬಾಯಿ ನೆಲದಿಂದ ಮೊಣಕಾಲಿನ ಮಟ್ಟಕ್ಕಿದೆ, ಹೆಚ್ಚು ಕಡಿಮೆ 18 ಇಂಚು. ಪಕ್ಕದಲ್ಲಿ ಎರಡಡಿ ಚೌಕದ ಚಪ್ಪಡಿ ಹಾಸಿದ್ದೇವೆ, ನೆಲದಿಂದ ಸ್ವಲ್ಪ ಮಾತ್ರ ಎತ್ತರ. ಹಿಟ್ಟು ಬೆಂದ ಮೇಲೆ ಪಾತ್ರೆ ಇಳಿಸಿ ಅದರ ಮೇಲಿನ ಸಿಂಬೆಗೆ ಇಟ್ಟು, ಕವೆಗೋಲು ಹಾಕಿ ಅಲುಗದ ಹಾಗೆ ಹಿಡಿದು, ಕೋಲಿನಲ್ಲಿ ಗಂಟು ಒಡೆದು ತೊಳಸುವುದು. ಈ ಚಪ್ಪಡಿ ಯಾವ ಫೋಟೋದಲ್ಲೂ ಇರುವುದಿಲ್ಲ. ಇದಿಲ್ಲದಿದ್ದರೆ ಪಾತ್ರೆ ಟೈಲ್ಸ್ ಮೇಲೆ ಜಾರುತ್ತದೆ.

ಅತ್ತೆಯವರನ್ನು ಒಂದು ಮಣೆ ಮೇಲೆ ಕೂರಿಸಿ, ಕೈ ಎಲ್ಲಿಗೆ ಬರುತ್ತದೆ ಅಂತ ಟೇಪು ಹಿಡಿದು ನೋಡಿ. ಮಂಡಿ ನೋವಿದ್ದರೆ ಮಣೆ ಬದಲು ಸಣ್ಣ ಸ್ಟೂಲು. ಆಗ ಒಲೆಯೂ 4 ಇಂಚು ಏರಬೇಕು.

ಬೋಗಾದಿ ಹಿತ್ತಲು

ಮಂಡಿ ನೋವು ಇದೆ. ಸ್ಟೂಲೇ ಸೈ. ಚೀಟಿ ಬರೆದೆ: ಮುದ್ದೆ, ಕರಿಯುವುದು, ಮೀನು, ಬಾಡೂಟ, ವರ್ಷಕ್ಕೊಮ್ಮೆ ಸಂಡಿಗೆ. ಯಜಮಾನರು ಕೆಳಗೆ ‘ಚಿಕನ್ ಸುಡುವುದು’ ಅಂತ ಸೇರಿಸಿದರು. ಅಂದರೆ ಸೌದೆ ಒಲೆ ಒಂದು ಕಡೆ, ಗ್ಯಾಸ್ ಕಟ್ಟೆ ಇನ್ನೊಂದು ಕಡೆ ಅಂತ ಅರ್ಥವಾಯಿತು. ಕಟ್ಟೆ ಲೆಕ್ಕ ಸ್ವಲ್ಪ ಹೇಳುತ್ತೀರಾ?

ಗಾರೆ ಕರಣೆ, ಶ್ರೀರಂಗಪಟ್ಟಣ

8 ಅಡಿ ಉದ್ದ, 2 ಅಡಿ ಅಗಲದ ಕಟ್ಟೆ ಅಂತ ಇಟ್ಟುಕೊಳ್ಳಿ. 6 ಇಂಚಿನ ಸಾಲಿಡ್ ಬ್ಲಾಕ್ ಸಾಕು. ಬ್ಲಾಕು 16 ಇಂಚು ಉದ್ದ, 8 ಇಂಚು ಎತ್ತರ ಇರುತ್ತದೆ. ನಾಲ್ಕು ಅಡ್ಡಗೋಡೆ ಕಾಲುಗಳು, ಒಂದೊಂದೂ ಎರಡಡಿ. ಒಂದು ವರಸೆಗೆ ಒಂದೂವರೆ ಬ್ಲಾಕು, ಮೂರು ವರಸೆಗೆ ನಾಲ್ಕೂವರೆ, ನಾಲ್ಕು ಕಾಲಿಗೆ 18. ಹಿಂದೆ ಗೋಡೆ ಬೇಕಾದರೆ ಇನ್ನೊಂದು 18. ಒಡೆಯುವುದು ಬಡಿಯುವುದು ಸೇರಿ 40 ತರಿಸಿ. ಪ್ಲಾಸ್ಟರೂ ಸೇರಿ ನಾಲ್ಕು ಮೂಟೆ ಸಿಮೆಂಟಿನಲ್ಲಿ ಮುಗಿಯುತ್ತದೆ.

ಮೂರು ವರಸೆ ಬ್ಲಾಕು, ನಡುವಿನ ಗಾರೆ ಸೇರಿ 25 ಇಂಚು ಚಿಲ್ಲರೆ. ಅದರ ಮೇಲೆ 3 ಇಂಚು ಕಾಂಕ್ರೀಟ್, ಮತ್ತೆ ಗ್ರಾನೈಟು. ಒಟ್ಟು 30 ಇಂಚು. ಗ್ಯಾಸ್ ಒಲೆ ಇಟ್ಟರೆ ಬರ್ನರ್ 34ಕ್ಕೆ ಬರುತ್ತದೆ. ನೀವು ಎತ್ತರ ಇದ್ದರೆ ಕೆಳಗೆ ಇಟ್ಟಿಗೆಯ ಒಂದು ವರಸೆ ಸೇರಿಸಿ. ನಿಂತು ಮೊಣಕೈ ಮಡಿಸಿ, ಮೊಣಕೈಗಿಂತ 5 ಇಂಚು ಕೆಳಗೆ ಬರುವುದೇ ಹೆಚ್ಚುವ ಎತ್ತರ.

ಕಾಂಕ್ರೀಟ್ ಹಲಗೆಗೆ ಸೆಂಟ್ರಿಂಗ್ (ಗಟ್ಟಿಯಾಗುವವರೆಗೆ ಕೆಳಗಿನಿಂದ ಕೊಡುವ ಆಸರೆ) ಹೊಡೆಯುವ ತಾಪತ್ರಯ ಬೇಡ. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಮರದ ಚೌಕಟ್ಟಿಟ್ಟು, 8 ಎಂಎಂ ಕಂಬಿಯನ್ನು 6 ಇಂಚಿಗೊಂದರಂತೆ ಎರಡೂ ಕಡೆ ಹೆಣೆದು ಮೂರು ತುಂಡು ಹಾಕಿಕೊಳ್ಳಿ. ಕಂಬಿ ಹಲಗೆಯ ಕೆಳಭಾಗದಲ್ಲಿರಬೇಕು, ಆದರೆ ಪ್ಲಾಸ್ಟಿಕ್ಕಿಗೆ ತಾಗಬಾರದು. ಕೆಳಗೆ ಮುಕ್ಕಾಲು ಇಂಚಿನ ಕಲ್ಲುಚೂರು ಕೊಡಿ. ಎರಡು ವಾರ ಗೋಣಿಚೀಲ ಹೊದಿಸಿ ನೀರುಣಿಸಿ. ಒಂದೊಂದು ತುಂಡು 90 ಕಿಲೋ ತೂಗುತ್ತದೆ, ಎತ್ತಲು ನಾಲ್ಕು ಜನ ಬೇಕು. ನೀವಿಬ್ಬರೇ ಎತ್ತಲು ಹೋಗಬೇಡಿ, ಸೊಂಟ ಹೋದರೆ ಹೊಸತೊಡಕು ಆಸ್ಪತ್ರೆಯಲ್ಲಿ.

ಕೆಳಗೆ ಒಂದಡಿ ಅಗೆದು, ಮಣ್ಣು ದಮ್ಮಸ್ಸು ಮಾಡಿ, 4 ಇಂಚು ಬೆಡ್ ಕಾಂಕ್ರೀಟ್. ಕಟ್ಟೆಯನ್ನು ಕಾಂಪೌಂಡಿಗೆ ಅಂಟಿಸಬೇಡಿ. ಕಾಂಪೌಂಡಿನ ಪಾಯ ಬೇರೆ, ಇದರ ಪಾಯ ಬೇರೆ. ಎರಡೂ ಒಂದೇ ಸಮ ಕೂರುವುದಿಲ್ಲ, ಸಂದಿನಲ್ಲಿ ಬಿರುಕು ಬಿದ್ದು ಮಳೆನೀರು ಇಳಿಯುತ್ತದೆ. ಕೈ ಹೋಗುವಷ್ಟಾದರೂ ಜಾಗ ಬಿಟ್ಟರೆ ಕಸ ತೆಗೆಯಬಹುದು. ಇನ್ನೊಂದು ಮಾತು, ಹಿಂಭಾಗದಲ್ಲಿ ಒಳಚರಂಡಿ ಚೇಂಬರ್ ಎಲ್ಲಿದೆ ನೋಡಿಕೊಳ್ಳಿ. ಅದರ ಮುಚ್ಚಳದ ಮೇಲೆ ಕಟ್ಟೆ ಕಟ್ಟಿ, ಚರಂಡಿ ಕಟ್ಟಿಕೊಂಡ ದಿನ ಕಟ್ಟೆ ಒಡೆಸಿದವರಿದ್ದಾರೆ.

ಸುಡೋಣ ಬನ್ನಿ

ಮೇಲೆ ಕಡಪ ಹಾಕಿದರೆ ಅಗ್ಗ ಅಲ್ವಾ?

ಗಾರೆ ಕರಣೆ, ಶ್ರೀರಂಗಪಟ್ಟಣ

ಅಗ್ಗವೇ. ಆದರೆ ಕಡಪ ಸುಣ್ಣದಕಲ್ಲಿನ ಜಾತಿ. ಹುಣಸೆಹುಳಿ, ನಿಂಬೆರಸ ಬಿದ್ದ ಕಡೆ ಹೊಳಪು ಹೋಗಿ ಬೆಳ್ಳಗೆ ಮಚ್ಚೆ ಉಳಿಯುತ್ತದೆ. ನಮ್ಮ ಅಡುಗೆಯಲ್ಲಿ ಹುಳಿ ಬೀಳದ ದಿನ ಯಾವುದು ಹೇಳಿ. ಕೆಳಗಿನ ತಟ್ಟಿಗೆ ಕಡಪ ಇರಲಿ, ಮೇಲೆ ಗ್ರಾನೈಟು. ಗ್ರಾನೈಟ್ ಅಂಗಡಿಯಲ್ಲಿ ಬೇರೆ ಕೆಲಸದಿಂದ ಉಳಿದ ತುಂಡುಗಳು ಇರುತ್ತವೆ, ಬಣ್ಣ ಸೇರದಿದ್ದರೂ ಪರವಾಗಿಲ್ಲ ಅಂದರೆ ಎಷ್ಟೋ ಉಳಿಯುತ್ತದೆ.

ಆದರೆ ಗ್ರಾನೈಟಿನ ಮೇಲೆ ನೇರವಾಗಿ ಇದ್ದಿಲು, ಸೌದೆ ಹೊತ್ತಿಸಬೇಡಿ. ಕಲ್ಲಿನೊಳಗಿನ ಹರಳು ಕಾದು ಹಿಗ್ಗುತ್ತದೆ. ಒಂದೇ ಜಾಗ ಕಾದು ಪಕ್ಕ ತಣ್ಣಗಿದ್ದರೆ ಪಟ್ಟಂತ ಸೀಳುತ್ತದೆ. ಬರೀ ಕಾಂಕ್ರೀಟಿನ ಮೇಲೂ ಬೇಡ. ಒಳಗಿನ ನೀರು ಆವಿಯಾಗಿ ಚಕ್ಕೆ ಸಿಡಿಯುತ್ತದೆ. ಬೆಂಕಿ ತಾಗುವ ಕಡೆ ಫೈರ್ ಬ್ರಿಕ್, ಇಲ್ಲವೇ ಚೆನ್ನಾಗಿ ಸುಟ್ಟ ಇಟ್ಟಿಗೆ. ಅದನ್ನು ಕೂರಿಸುವುದೂ ಮಣ್ಣಿನ ಗಾರೆಯಲ್ಲಿ. ಸಿಮೆಂಟು 300 ಡಿಗ್ರಿ ದಾಟಿದ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ, ಕೆಂಡದ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ಮೊದಲ ವರ್ಷ ಗಟ್ಟಿ ಇರುತ್ತದೆ, ಆಮೇಲೆ ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ.

ಕುವೆಂಪುನಗರ ಮೇಷ್ಟ್ರು

ನಾನು ಪಕ್ಕದ ಮನೆಯವನ ಪರವಾಗಿ ಬರೆಯುತ್ತಿದ್ದೇನೆ. ನಮ್ಮ ಪಕ್ಕದಲ್ಲಿ ಒಬ್ಬರು ಇಂಥದ್ದೇ ಒಂದನ್ನು ಕಟ್ಟಿದರು. ಬಹಳ ಚೆನ್ನಾಗಿದೆ. ಹೊಗೆ ಕೊಳವೆಯ ಬಾಯಿ ಮಾತ್ರ ನನ್ನ ಮಲಗುವ ಕೋಣೆ ಕಿಟಕಿಯ ಮಟ್ಟಕ್ಕೇ ನಿಂತಿದೆ. ಭಾನುವಾರ ಅವರ ಮನೆಯಲ್ಲಿ ಏನಡುಗೆ ಅಂತ ನನ್ನ ದಿಂಬಿಗೂ ಗೊತ್ತು. ಅವರು ಒಳ್ಳೆಯವರು, ಜಗಳ ಆಡುವ ಹಾಗಿಲ್ಲ. ಅದೇ ಕಷ್ಟ.

ಕಟ್ಟುವ ಮುಂಚೆ ಒಂದು ಕೆಲಸ ಮಾಡಿ ತಾಯಿ. ಒಲೆ ಬರುವ ಜಾಗದಲ್ಲಿ ಬೆಳಗ್ಗೆ, ಸಂಜೆ ಸ್ವಲ್ಪ ಒಣಗಿದ ಎಲೆ ಹೊತ್ತಿಸಿ ಹೊಗೆ ಯಾವ ಕಡೆ ತಿರುಗುತ್ತದೆ ನೋಡಿ. ನಮ್ಮೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಡುವಣದಿಂದ, ನೈಋತ್ಯದಿಂದ ಜೋರಾಗಿ ಬೀಸುತ್ತದೆ. ಚಳಿಗಾಲದಲ್ಲಿ ಮೂಡಣದ ಕಡೆಯಿಂದ. ಎರಡು ಕಾಲಕ್ಕೂ ಒಂದೇ ಜಾಗ ಒಪ್ಪುವುದಿಲ್ಲ. ಪೂರ್ತಿ ತಪ್ಪಿಸಲಾಗದಿದ್ದರೂ ಯಾರ ಕಿಟಕಿಗೆ ಯಾವಾಗ ಹೊಡೆಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಆಗ್ನೇಯ ಮೂಲೆ

ಮೇಷ್ಟ್ರೇ, ವಾಸ್ತು ಪ್ರಕಾರ ಒಲೆ ಆಗ್ನೇಯದಲ್ಲೇ ಇರಬೇಕು. ಗಾಳಿ ನೋಡಿ ಜಾಗ ಬದಲಾಯಿಸಲು ಆಗುವುದಿಲ್ಲ.

ಕುವೆಂಪುನಗರ ಮೇಷ್ಟ್ರು

ಬದಲಾಯಿಸಿ ಅಂತ ಎಲ್ಲಿ ಹೇಳಿದೆ? ಮಳೆಗಾಲದ ಗಾಳಿ ಪಡುವಣದಿಂದ ಬಂದರೆ, ಆಗ್ನೇಯ ಮೂಲೆಯ ಹೊಗೆ ಮನೆಯಿಂದ ಆಚೆಗೇ ಹೋಗುತ್ತದೆ. ನಿಮ್ಮ ಶಾಸ್ತ್ರ, ನನ್ನ ಗಾಳಿ ಎರಡೂ ಈ ವಿಷಯದಲ್ಲಿ ರಾಜಿಯಾಗಿವೆ. ಚಳಿಗಾಲದಲ್ಲಿ ಮಾತ್ರ ಅದು ದಕ್ಷಿಣದ ಗೋಡೆ ಉದ್ದಕ್ಕೂ ತೇಲಿ ಬರುತ್ತದೆ, ಆ ಕಡೆಯ ಕಿಟಕಿ ಹಾಕಿಕೊಳ್ಳಿ. ಸೈಟಿನ ಆಗ್ನೇಯ ಮೂಲೆಯ ಆಚೆ ಯಾರ ಮನೆ ಇದೆ ಅನ್ನುವುದನ್ನು ಮಾತ್ರ ಯಾವ ವಾಸ್ತುವೂ ಹೇಳುವುದಿಲ್ಲ.

ಬೋಗಾದಿ ಹಿತ್ತಲು

ಆಗ್ನೇಯದ ಆಚೆ ಸದ್ಯಕ್ಕೆ ಖಾಲಿ ಸೈಟು. ನಾಳೆ ಮನೆ ಎದ್ದರೆ ಗೊತ್ತಿಲ್ಲ. ಹೊಗೆ ಕೊಳವೆ ಎಷ್ಟು ಎತ್ತರ, ಯಾವ ಪೈಪು?

ಗಾರೆ ಕರಣೆ, ಶ್ರೀರಂಗಪಟ್ಟಣ

ಮಾಡಿನ ಮೇಲ್ತುದಿಗಿಂತ ಎರಡಡಿ ಮೇಲೆ ಹೋಗಲಿ, ಪಕ್ಕದವರ ಕಿಟಕಿ ಮಟ್ಟ ದಾಟಲಿ. ಪಿವಿಸಿ ಬೇಡವೇ ಬೇಡ. ಹಳೇ ಮನೆ ಒಡೆದವರ ಹತ್ತಿರ ಸಿಮೆಂಟ್ ಕೊಳವೆ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಕತ್ತರಿಸುವಾಗ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಟ್ಟಬೇಡಿ. ಜಿಐ ಶೀಟಿನ ಕೊಳವೆ ಮಾಡಿಸಿ, ಇಲ್ಲವೇ ಇಟ್ಟಿಗೆಯಲ್ಲೇ ಎಬ್ಬಿಸಿ. ಮೇಲೆ ಮಳೆ ಟೋಪಿ ಇರಲಿ. ಕೆಳಗೆ ಮಸಿ ತೆಗೆಯಲು ಒಂದು ಸಣ್ಣ ಬಾಗಿಲು ಬಿಡಿ. ಕೊಳವೆ ಮಾಡನ್ನು ತೂರಿ ಹೋಗುವ ಜಾಗದಲ್ಲಿ ಪಾಲಿಕಾರ್ಬನೇಟ್ ಶೀಟು ಹಾಕಿದರೆ ಮೆತ್ತಗಾಗಿ ಜೋತು ಬೀಳುತ್ತದೆ. ಅಲ್ಲಿ ತಗಡೇ ಆಗಬೇಕು.

ಮದ್ದೂರು ಹಿಪ್ಪುನೇರಳೆ

ಒಲೆ ವಿಷಯ ನನಗೆ ಬಿಡಿ. ಸೌದೆ ಒಲೆ ಹೊಗೆ ಕಾರುವುದು ಮುಖ್ಯವಾಗಿ ಹಸಿ ಸೌದೆಯಿಂದ. ಆಮೇಲೆ ಅಡಿಯಿಂದ ಗಾಳಿ ಇಲ್ಲದ್ದರಿಂದ. ಸೌದೆ ಬೂದಿಯ ಮೇಲೆ ಮಲಗಿದರೆ ಉಸಿರು ಕಟ್ಟುತ್ತದೆ. ಕಬ್ಬಿಣದ ಜಾಲರಿ ಇಟ್ಟು, ಅದರ ಕೆಳಗೆ ಮೂರು ನಾಲ್ಕು ಇಂಚು ಖಾಲಿ ಬಿಟ್ಟು, ಮುಂದೆ ಬೂದಿ ಎಳೆಯಲು ಬಾಯಿ ಬಿಟ್ಟರೆ ಅರ್ಧ ಹೊಗೆ ಅಲ್ಲೇ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ಕೇಂದ್ರದವರು ಮಾಡಿದ ಅಸ್ತ್ರ ಒಲೆಯ ಗುಟ್ಟೂ ಇದೇ: ಜಾಲರಿ, ಒಂದೇ ಬೆಂಕಿಗೆ ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ನಮ್ಮ ಅಜ್ಜಿಯರ ಕೋಡೊಲೆಯೂ ಅದೇ ದಾರಿಯದು. ಮುಂದೆ ಅನ್ನ, ಹಿಂದಿನ ಕೋಡಿನಲ್ಲಿ ಬೇಳೆ ಬೇಯುತ್ತಿತ್ತು. ನಿಮಗೆ ಮೂರು ಪಾತ್ರೆ ಬೇಡ, ಎರಡು ಸಾಕು. ಹಿಂದಿನದರಲ್ಲಿ ಬಿಸಿನೀರು ಕಾಯುತ್ತಿರಲಿ, ಪಾತ್ರೆ ತೊಳೆಯಲು ಆಗುತ್ತದೆ.

ಮಣ್ಣು ಹದ ಮಾಡುವುದು ಹೀಗೆ. ಕೆಮ್ಮಣ್ಣು ಜರಡಿ ಹಿಡಿಯಿರಿ. ಹುತ್ತದ ಮಣ್ಣು ಸಿಕ್ಕರೆ ಅರ್ಧಕ್ಕರ್ಧ ಸೇರಿಸಿ, ಅದು ನಯ. ಬಾಳುವ ಹುತ್ತಕ್ಕೆ ಕೈ ಹಾಕಬೇಡಿ, ಮಳೆಗೆ ಬಿದ್ದದ್ದು ಇರುತ್ತದೆ. ಭತ್ತದ ಹುಲ್ಲನ್ನು ಬೆರಳುದ್ದ ಕತ್ತರಿಸಿ ಹಾಕಿ, ಸಗಣಿ ಸೇರಿಸಿ, ನೀರು ಹಾಕಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಕಾಲಲ್ಲಿ ತುಳಿಯಿರಿ. ತುಳಿಯುತ್ತಾ ತುಳಿಯುತ್ತಾ ಮಣ್ಣು ಹಿಮ್ಮಡಿಗೆ ಅಂಟಿ ಎಳೆಯಲು ಶುರು ಮಾಡುತ್ತದೆ, ಮೊದಲಿನ ಪಚಪಚ ಸದ್ದು ನಿಲ್ಲುತ್ತದೆ. ಆಗ ಒಂದು ಬಿಲ್ಲೆ ತಟ್ಟಿ ಬಿಸಿಲಿಗೆ ಇಡಿ. ಸಂಜೆಗೆ ಉದ್ದುದ್ದ ಬಿರುಕು ಬಿಟ್ಟರೆ ಜಿಗುಟು ಜಾಸ್ತಿ, ಮರಳು ಸೇರಿಸಿ. ಬೆರಳಲ್ಲಿ ಒತ್ತಿದರೆ ಉದುರಿದರೆ ಮರಳು ಜಾಸ್ತಿ, ಮಣ್ಣು ಸೇರಿಸಿ. ಎರಡೂ ಆಗದಿದ್ದರೆ ಒಲೆ ಹಾಕಿ.

ಒಲೆಯ ಅಳತೆಯನ್ನು ಟೇಪಿನಲ್ಲಿ ತೆಗೆಯಬೇಡಿ. ನೀವು ಮುದ್ದೆ ಮಾಡುವ ಪಾತ್ರೆಯನ್ನೇ ತಂದು ಕೂರಿಸಿ, ಸುತ್ತ ಮಣ್ಣು ಕಟ್ಟಿ. ಮೂರು ಒಲೆಗುಂಡಿನ ಮೇಲೆ ಪಾತ್ರೆ ನಿಲ್ಲಬೇಕು, ಸುತ್ತ ಬೆರಳು ಹೋಗುವಷ್ಟು ಸಂದಿ ಇರಬೇಕು. ಜಾಲರಿಯಿಂದ ಪಾತ್ರೆಯ ತಳಕ್ಕೆ 5-6 ಇಂಚು. ಜಾಸ್ತಿ ಎತ್ತರವಾದರೆ ಸೌದೆ ದಂಡ, ಕಡಿಮೆಯಾದರೆ ಜ್ವಾಲೆ ಏಳುವುದಿಲ್ಲ, ಬರೀ ಮಸಿ. ನೆರಳಲ್ಲಿ ಒಣಗಲಿ. ಬಿರುಕು ಬಂದ ಹಾಗೆಲ್ಲಾ ಸಗಣಿ ಮಣ್ಣು ಸಾರಿಸಿ. ಮೊದಲು ತೆಂಗಿನ ನಾರು, ಕಡ್ಡಿ ಹಾಕಿ ಸಣ್ಣ ಬೆಂಕಿ. ಮೊದಲ ದಿನವೇ ಬಾಡು ಬೇಯಿಸಲು ಹೊರಟರೆ ಒಲೆ ಸೀಳುತ್ತದೆ.

ಸುಡೋಣ ಬನ್ನಿ

ಇದನ್ನು ಓದಿ ನಾನೂ ಮಣ್ಣು ತುಳಿಯೋಣ ಅನ್ನಿಸುತ್ತಿದೆ. ಸೌದೆ ಯಾವುದು ಒಳ್ಳೆಯದು?

ಮದ್ದೂರು ಹಿಪ್ಪುನೇರಳೆ

ನನ್ನ ಹೆಸರಲ್ಲೇ ಇದೆಯಲ್ಲ! ರೇಷ್ಮೆ ಮಾಡುವವರ ಮನೆಯಲ್ಲಿ ಎಲೆ ಕೊಯ್ದ ಮೇಲೆ ಕಡ್ಡಿ ರಾಶಿ ಬೀಳುತ್ತದೆ. ಒಣಗಿದರೆ ಬೇಗ ಹೊತ್ತುತ್ತದೆ, ಕರಿಯುವ ಕೆಲಸಕ್ಕೆ ಉರಿ ಏರಿಸಲು ಇಳಿಸಲು ಸುಲಭ. ದೊಡ್ಡ ಪಾತ್ರೆಗೆ ಸರ್ವೆ, ಜಾಲಿ, ತೆಂಗಿನ ಚಿಪ್ಪು. ಬಣ್ಣ ಬಳಿದ ಮರ, ಪ್ಲೈವುಡ್ ಚೂರು ಒಲೆಗೆ ಹಾಕಬೇಡಿ. ಕಾಂಪೌಂಡ್ ಪಕ್ಕ ಕಣಗಿಲೆ ಗಿಡ ಇದ್ದರೆ ಅದರ ಕಡ್ಡಿ ಅಪ್ಪಿತಪ್ಪಿಯೂ ಒಲೆಗೂ ಬೇಡ, ಚಿಕನ್ ಚುಚ್ಚುವುದಕ್ಕೂ ಬೇಡ. ಗಿಡ ಪೂರ್ತಿ ವಿಷ, ಹೊಗೆಯೂ ಕೆಟ್ಟದ್ದು.

ಸಿಲಿಂಡರ್ ಅಣ್ಣ

ಗ್ಯಾಸಿನ ವಿಷಯ ಯಾರೂ ಎತ್ತಲಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂರುತ್ತದೆ. ‘ಹೊರಗಡೆ ತಾನೇ, ಏನಾಗುತ್ತದೆ’ ಅನ್ನುವವರು ಇದನ್ನು ಮರೆಯುತ್ತಾರೆ. ಸಿಲಿಂಡರನ್ನು ಕಟ್ಟೆ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಡುವುದಾದರೆ ಬಾಗಿಲಿನ ಕೆಳಗೆ, ನೆಲಮಟ್ಟದಲ್ಲಿ ಗಾಳಿ ಕಿಂಡಿ ಬೇಕೇ ಬೇಕು. ಪಕ್ಕದಲ್ಲಿ ಚೇಂಬರ್, ಸಂಪಿನ ಬಾಯಿ ಇರಬಾರದು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಸೌದೆ ಒಲೆ ಇನ್ನೊಂದು ತುದಿಗೆ, ನಡುವೆ ಗೋಡೆ.

ರಬ್ಬರ್ ಟ್ಯೂಬು ಬಿಸಿಲಿಗೆ ಬೇಗ ಹೋಗುತ್ತದೆ, ಇಲಿಯೂ ಕಡಿಯುತ್ತದೆ. ಒಳಗೆ ತಂತಿ ಇರುವ ಸುರಕ್ಷಾ ಟ್ಯೂಬು ಹಾಕಿ, ಅದಕ್ಕೆ 5 ವರ್ಷದ ವಾಯಿದೆ ಇರುತ್ತದೆ, ಮೇಲೇ ಬರೆದಿರುತ್ತದೆ. ಬಿಸಿಲು ಬೀಳುವ ಕಡೆ ಅಷ್ಟು ದಿನವೂ ಕಾಯಬೇಡಿ. ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಆಫ್. ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ.

ಒಲೆಯ ಹಿಂದೆ, ಪಕ್ಕ ಗಾಳಿ ತಡೆಯಲು ಒಂದಡಿ ಎತ್ತರದ ಮರೆ ಕಟ್ಟಿ. ಆಷಾಢದ ಗಾಳಿಗೆ ಉರಿ ಆರಿ ಗ್ಯಾಸ್ ಸುಮ್ನೆ ಹೋಗುತ್ತಿರುತ್ತದೆ, ಗಾಳಿಯಲ್ಲಿ ವಾಸನೆಯೂ ಗೊತ್ತಾಗುವುದಿಲ್ಲ.

ಬೋಗಾದಿ ಹಿತ್ತಲು

ಮಳೆ ಎರಚಲಿಗೆ ಸುತ್ತ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟರೆ ಹೇಗೆ? ನಾಲ್ಕೂ ಕಡೆ ಮುಚ್ಚಿಕೊಳ್ಳಬಹುದು ಅಂತ ಯಜಮಾನರು ಹೇಳುತ್ತಿದ್ದಾರೆ.

ಸಿಲಿಂಡರ್ ಅಣ್ಣ

ಬೇಡವೇ ಬೇಡ. ನಾಲ್ಕೂ ಕಡೆ ಮುಚ್ಚಿ ಒಳಗೆ ಇದ್ದಿಲು ಹೊತ್ತಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ಸುತ್ತುವುದರೊಳಗೆ ಹೊತ್ತು ಮೀರಿರುತ್ತದೆ. ಪ್ಲಾಸ್ಟಿಕ್‌ಗೆ ಕಿಡಿ ತಾಗುವುದು ಬೇರೆ. ಎರಚಲು ಬರುವ ಪಡುವಣ ಕಡೆ ಮಾತ್ರ ಗೋಡೆಯೋ ತಗಡೋ ಹಾಕಿ. ಎದುರಿನ ಎರಡು ಕಡೆ ಯಾವಾಗಲೂ ತೆರೆದಿರಲಿ.

ಗಾರೆ ಕರಣೆ, ಶ್ರೀರಂಗಪಟ್ಟಣ

ಮಾಡು ಬೇಕಾ ಅಂತ ಕೇಳಿದ್ದಿರಿ. ಬೇಕು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಹೇಳದೇ ಕೇಳದೇ ಬರುತ್ತದೆ, ಕುದಿಯುವ ಎಣ್ಣೆಗೆ ನಾಲ್ಕು ಹನಿ ಬಿದ್ದರೆ ಸಾಕು. ಅತ್ತೆಯವರ ಮಣ್ಣಿನ ಒಲೆಯಂತೂ ಮಳೆಗೆ ನಿಲ್ಲುವುದೇ ಇಲ್ಲ.

ಮಂಗಳೂರು ಹೆಂಚು ಎಲ್ಲರಿಗೂ ಇಷ್ಟ. ನೆರಳೂ ತಂಪು. ಆದರೆ ಅದಕ್ಕೆ ಇಳಿಜಾರು ಬೇಕು, 8 ಅಡಿ ಅಗಲಕ್ಕೆ ನಾಲ್ಕಡಿಯಾದರೂ ಇಳಿಯಬೇಕು. ಕೆಳತುದಿ 7 ಅಡಿಗಿಟ್ಟರೆ ಮೇಲ್ತುದಿ 11 ಅಡಿಗೆ ಹೋಯಿತು. ನಿಮ್ಮ ಅಡುಗೆಮನೆ ಸಜ್ಜಾ, ಮಹಡಿ ಕಿಟಕಿ ಅಡ್ಡ ಬರುತ್ತದಾ ನೋಡಿ. ಇಳಿಜಾರು ಕಡಿಮೆ ಕೊಟ್ಟು ಹೆಂಚು ಹೊದಿಸಿದರೆ ಗಾಳಿ ಮಳೆಯಲ್ಲಿ ನೀರು ಹಿಂದಕ್ಕೆ ಏರಿ ಸೋರುತ್ತದೆ. ಜಾಗ ಇಲ್ಲದವರಿಗೆ ಬಣ್ಣದ ತಗಡೇ ಸರಿ, ಅದಕ್ಕೆ 8 ಅಡಿಗೆ ಒಂದಡಿ ಇಳಿಜಾರು ಸಾಕು. ಸದ್ದು ಜಾಸ್ತಿ, ಮಧ್ಯಾಹ್ನ ಕಾಯುತ್ತದೆ, ಆದರೆ ಸೋರುವುದಿಲ್ಲ.

ಕಂಬಕ್ಕೆ 2 ಇಂಚಿನ ಚೌಕದ ಜಿಐ ಪೈಪು, ಎರಡಡಿ ಗುಂಡಿ ತೋಡಿ ಕಾಂಕ್ರೀಟಿನಲ್ಲಿ ನಿಲ್ಲಿಸಿ. ಸುಮ್ನೆ ನೆಲಕ್ಕೆ ಬೋಲ್ಟ್ ಹೊಡೆದರೆ ಬೇಸಿಗೆಯ ಸುಳಿಗಾಳಿ ಮಾಡನ್ನೇ ಎತ್ತುತ್ತದೆ. ಮಾಡಿನ ನೀರು ಪಕ್ಕದವರ ಕಡೆ ಬೀಳಬಾರದು, ದೋಣಿ ಕೊಟ್ಟು ನಿಮ್ಮ ಬಾಳೆಗೆ ಬಿಡಿ. ಮಳೆನೀರನ್ನು ಒಳಚರಂಡಿಗೆ ಸೇರಿಸಬೇಡಿ. ವೆಲ್ಡಿಂಗ್ ಕೆಲಸ ಮಾತ್ರ ನೀವೇ ಮಾಡಬೇಡಿ, ಫ್ಯಾಬ್ರಿಕೇಷನ್ ಅಂಗಡಿಯವರು ಒಂದು ದಿನದಲ್ಲಿ ನಿಲ್ಲಿಸುತ್ತಾರೆ.

ಸೆಟ್‌ಬ್ಯಾಕ್ ಜಾಗದಲ್ಲಿ (ಮನೆಗೂ ಕಾಂಪೌಂಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗ) ಕಾಯಂ ಮಾಡು ಹಾಕುವ ಮುಂಚೆ ಮನೆಯ ನಕ್ಷೆ ಮಾಡಿಕೊಟ್ಟ ಇಂಜಿನಿಯರನ್ನು ಒಂದು ಮಾತು ಕೇಳಿ. ನಾನು ಗಾರೆಯವನು, ಕಾನೂನು ಅವರದು.

ಲೈನ್ ಎಳೆಯುವವ, ಮಂಡ್ಯ

ಕರೆಂಟ್: ಒಳಗಿನ ಪ್ಲಗ್ಗಿನಿಂದ ಕಿಟಕಿ ತೂರಿಸಿ ಎಕ್ಸ್‌ಟೆನ್ಷನ್ ಎಳೆಯಬೇಡಿ. ಒದ್ದೆ ನೆಲ, ಬರಿಗಾಲು, ಮಿಕ್ಸಿ, ಮೂರೂ ಸೇರುವ ಜಾಗ ಇದು. ಬೇರೆ ಲೈನು, ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು), ಮುಚ್ಚಳ ಇರುವ ಹೊರಾಂಗಣದ ಬಾಕ್ಸ್. ಪ್ಲಗ್ಗು ಸಿಂಕಿನಿಂದ ದೂರ, ಕಟ್ಟೆಗಿಂತ ಮೇಲೆ. ದೀಪ ಹಳದಿ ಬಣ್ಣದ್ದು ಹಾಕಿ, ಬಿಳಿ ದೀಪಕ್ಕೆ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳ ಮುತ್ತಿ ಸಾರಿಗೇ ಬೀಳುತ್ತವೆ. ದೀಪ ಒಲೆಯ ನೇರ ಮೇಲೆ ಬೇಡ, ಸ್ವಲ್ಪ ಮುಂದಕ್ಕಿರಲಿ.

ಬೋಗಾದಿ ಹಿತ್ತಲು

ನೀರಿನ ವಿಷಯ ಕರಣೆ ಅಣ್ಣ ಆಗಲೇ ಹೇಳಿದ್ದರು. ಸಿಂಕು ಬೇಕಾ, ತೊಳೆಯುವ ಕಟ್ಟೆ ಸಾಕಾ?

ಮದ್ದೂರು ಹಿಪ್ಪುನೇರಳೆ

ದೊಡ್ಡ ಪಾತ್ರೆ ಸಿಂಕಿನಲ್ಲಿ ಹಿಡಿಸುವುದಿಲ್ಲ. ನೆಲದ ಮಟ್ಟದಲ್ಲಿ ಮೂರಡಿ ಚೌಕದ ತೊಟ್ಟಿ, ಸುತ್ತ 4 ಇಂಚಿನ ಏರು, ಒಂದು ನಲ್ಲಿ. ಮೀನು ತೊಳೆಯುವುದಕ್ಕೂ ಅದೇ ಬೇಕು. ನಿಂತು ಕೈ ತೊಳೆಯಲು, ಸೊಪ್ಪು ತೊಳೆಯಲು ಸಣ್ಣ ಸಿಂಕು ಇದ್ದರೆ ಒಳ್ಳೆಯದು.

ಗಾರೆ ಕರಣೆ, ಶ್ರೀರಂಗಪಟ್ಟಣ

ಬಾಡೂಟದ ಕೊಬ್ಬು, ಕರಿದ ಎಣ್ಣೆ ನೇರ ಪೈಪಿಗೆ ಇಳಿದರೆ ಚಳಿಗಾಲದಲ್ಲಿ ಒಳಗೇ ಹೆಪ್ಪುಗಟ್ಟುತ್ತದೆ. ನಡುವೆ ಒಂದು ಸಣ್ಣ ತೊಟ್ಟಿ ಕಟ್ಟಿ. ನೀರು ಒಳಗೆ ಬರುವ ಪೈಪು ಮೇಲೆ, ಹೊರಹೋಗುವ ಪೈಪಿನ ಬಾಯಿ ನೀರಿನೊಳಗೆ ಮುಳುಗಿರಬೇಕು. ಎಣ್ಣೆ ಮೇಲೆ ತೇಲಿ ಅಲ್ಲೇ ಉಳಿಯುತ್ತದೆ, ಆಗಾಗ ಬಾಚಿ ಹಾಕಿ. ಬಾಯಿಗೆ ಜಾಲರಿ ಹಾಕದಿದ್ದರೆ ಹೆಗ್ಗಣ ಬರುತ್ತದೆ.

ನೆಲಕ್ಕೆ ಪಾಲಿಶ್ ಕಲ್ಲು ಹಾಕಬೇಡಿ. ಪಾರ್ಕಿಂಗ್ ಟೈಲ್ಸ್ ಅಥವಾ ಒರಟು ಶಹಾಬಾದ್ ಕಲ್ಲು. ತೊಟ್ಟಿಯ ಕಡೆಗೆ 8 ಅಡಿಗೆ ಒಂದು ಇಂಚು ವಾಟ (ಇಳಿಜಾರು). ಕಟ್ಟೆ ಕೆಳಗೆ ಮರದ ಕಪಾಟು ಮಾಡಿಸಲೇಬೇಡಿ, ಗೆದ್ದಲಿಗೆ ನೀವೇ ಊಟ ಬಡಿಸಿದ ಹಾಗೆ. ಕಡಪದ ತಟ್ಟು, ಅಲ್ಯೂಮಿನಿಯಂ ಚೌಕಟ್ಟಿನ ಮೆಶ್ ಬಾಗಿಲು ಸಾಕು. ಸ್ಟೀಲ್ ಡ್ರಾಯರು ಬೇಕೇ ಬೇಕು ಅಂದರೆ 304 ಗ್ರೇಡ್ ಕೇಳಿ. 202 ಮಳೆ ಎರಚಲಿಗೆ ತುಕ್ಕಿನ ಚುಕ್ಕೆ ಬಿಡುತ್ತದೆ.

ಸುಡೋಣ ಬನ್ನಿ

ಎಲ್ಲಾ ಆಯಿತು, ನನ್ನ ಗ್ರಿಲ್ ಎಲ್ಲಿ?

ಗಾರೆ ಕರಣೆ, ಶ್ರೀರಂಗಪಟ್ಟಣ

ಅದಕ್ಕೆ ಕಟ್ಟೆಯೇ ಬೇಡ ಗುರು. ಚಕ್ರ ಇರುವ ಕಬ್ಬಿಣದ ಗ್ರಿಲ್ ತನ್ನಿ, ವರ್ಷದಲ್ಲಿ ಬೇಕಾದಾಗ ಎಳೆದುಕೊಂಡು ಬನ್ನಿ. ಉಳಿದ ದಿನ ಮೂಲೆಯಲ್ಲಿರಲಿ. ಇಟ್ಟಿಗೆಯಲ್ಲಿ ಕಟ್ಟಿದರೆ ಅದು ಕದಲುವುದಿಲ್ಲ, ಜಾಗ ತಿನ್ನುತ್ತದೆ.

ಬೋಗಾದಿ ಹಿತ್ತಲು

ಯಜಮಾನರಿಗೆ ಇದನ್ನು ಓದಿ ಹೇಳಿದೆ. ಚಕ್ರದ ಗ್ರಿಲ್‌ಗೆ ಒಪ್ಪಿದರು, ಎತ್ತರದ ಸ್ಟೂಲು ಮಾತ್ರ ಬಿಡುತ್ತಿಲ್ಲ. ಅಳತೆ ಹಾಕಿ ಹೀಗೆ ಗುರುತು ಮಾಡಿದ್ದೇವೆ. ಆಗ್ನೇಯ ಮೂಲೆಯಲ್ಲಿ ತಗ್ಗಿನ ಸೌದೆ ಒಲೆ, ಬಾಯಿ 22 ಇಂಚಿಗೆ, ಪಕ್ಕದಲ್ಲಿ ಚಪ್ಪಡಿ. ಆಮೇಲೆ ಒಂದು ಗೋಡೆ, ತೊಳೆಯುವ ತೊಟ್ಟಿ. ಅದರಾಚೆ 8 ಅಡಿ ಗ್ಯಾಸ್ ಕಟ್ಟೆ. ಚೇಂಬರ್ ಹುಡುಕಿದೆವು, ಸರಿಯಾಗಿ ಗ್ಯಾಸ್ ಕಟ್ಟೆಯ ಪಡುವಣ ತುದಿಯ ಕೆಳಗೇ ಬರುತ್ತಿದೆ! ಮಹಡಿ ಕಿಟಕಿ ಅಡ್ಡ ಇರುವುದರಿಂದ ಹೆಂಚು ಬಿಟ್ಟು ತಗಡು.

ಗಾರೆ ಕರಣೆ, ಶ್ರೀರಂಗಪಟ್ಟಣ

ಹಾಗಾದರೆ ಕಟ್ಟೆಯನ್ನು 6 ಅಡಿಗೆ ಇಳಿಸಿ, ಚೇಂಬರ್ ಬಿಟ್ಟು ಮುಗಿಸಿ. ಸಿಲಿಂಡರೂ ಅದರಿಂದ ದೂರ, ತೊಟ್ಟಿಯ ಕಡೆಯ ಖಾನೆಗೆ ಬರಲಿ. 6 ಅಡಿಗೆ ಮೂರೇ ಕಾಲು ಸಾಕು. ಹಿಂದಿನ ಗೋಡೆಯೂ ಸೇರಿ 27 ಬ್ಲಾಕು ಆಗುತ್ತದೆ, 30 ತರಿಸಿ. ಬೆಡ್ ಕಾಂಕ್ರೀಟ್ ಹಾಕುವ ದಿನ ಮಟ್ಟಗೋಲು ಇಟ್ಟು ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.

ಕುವೆಂಪುನಗರ ಮೇಷ್ಟ್ರು

ಖಾಲಿ ಸೈಟಿನ ಮಾಲೀಕರು ಯಾರು ಅಂತ ತಿಳಿದುಕೊಂಡು ಒಂದು ಮಾತು ಹೇಳಿಡಿ. ಮನೆ ಎದ್ದ ಮೇಲೆ ಹೇಳುವುದಕ್ಕಿಂತ ಈಗ ಸುಲಭ.

ಮದ್ದೂರು ಹಿಪ್ಪುನೇರಳೆ

ಮಣ್ಣಿನ ಒಲೆಯನ್ನು ಕಟ್ಟೆ ಕೆಲಸ ಮುಗಿಯುವವರೆಗೂ ಕಾಯಿಸಬೇಡಿ. ಶಿವರಾತ್ರಿ ಹೊತ್ತಿಗೆ ಹಾಕಿಬಿಟ್ಟರೆ ಯುಗಾದಿಯೊಳಗೆ ಚೆನ್ನಾಗಿ ಒಣಗಿರುತ್ತದೆ. ಅಷ್ಟರಲ್ಲಿ ಮಾಡಿನ ತಗಡು ಹೊದಿಸಿರಬೇಕು. ಕಡ್ಡಿ ಎರಡು ಹೊರೆ ಬೇಕಾದರೆ ಹೇಳಿ, ನಮ್ಮ ಹುಡುಗ ವಾರಕ್ಕೊಮ್ಮೆ ಮೈಸೂರಿಗೆ ಗಾಡಿ ತರುತ್ತಾನೆ.

ಬೋಗಾದಿ ಹಿತ್ತಲು

ಬೇಕು ಅಕ್ಕ, ಎರಡಲ್ಲ ನಾಲ್ಕು ಹೊರೆ. ಸಂದೇಶದಲ್ಲಿ ವಿಳಾಸ ಕಳಿಸುತ್ತೇನೆ.